ಕೂಲಿಯವನ ರಕ್ತವೇ ಮೀಟರ್ ಆಗಬೇಕೇ?

ಕೈ ಮುರಿದುಕೊಂಡ ನೆಂಟರ ಹುಡುಗನನ್ನು ಕರೆದುಕೊಂಡು ನಾವಿಬ್ಬರು ತಾಲ್ಲೂಕು ಕೇಂದ್ರದ ಒಂದು ಖಾಸಗಿ ಎಕ್ಸ್‌ರೇ ಕೋಣೆಗೆ ಹೋಗಿದ್ದೆವು. ಎಕ್ಸ್‌ರೇ ತೆಗೆಯುವವರ ಅಂಗಿಯ ಮೇಲೆ ವಿಕಿರಣ ಅಳೆಯುವ ಬ್ಯಾಡ್ಜ್ ಇರಲಿಲ್ಲ. "ಬ್ಯಾಡ್ಜ್ ಎಲ್ಲಣ್ಣಾ?" ಅಂತ ಕೇಳಿದೆವು.

"ಡ್ರಾಯರ್‌ನಲ್ಲಿದೆ ಮೇಡಂ. ಕಳೆದುಹೋದ್ರೆ ಸಂಬಳದಲ್ಲಿ ಹಿಡೀತಾರೆ. ಅದಕ್ಕೇ ಹಾಕ್ಕೊಳ್ಳಲ್ಲ" ಅಂದರು.

ಆ ಬ್ಯಾಡ್ಜ್ ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಹೋಗುತ್ತದೆ. ಎಲ್ಲವೂ ಸರಿ ಇದೆ ಅಂತ ವರದಿಯೂ ಬರುತ್ತದೆ. ಅಂದರೆ ಡ್ರಾಯರ್‌ಗೆ ಎಷ್ಟು ವಿಕಿರಣ ತಗುಲಿತು ಎಂಬ ಲೆಕ್ಕ ಪಕ್ಕಾ ಇದೆ. ಮನುಷ್ಯನಿಗೆ ಎಷ್ಟು ತಗುಲಿತು ಎಂಬ ಲೆಕ್ಕ ಮಾತ್ರ ಇಲ್ಲ.

ಕಾಗದದಲ್ಲಿ ಇಲ್ಲದ ಈ ಲೆಕ್ಕವನ್ನು ಕೆಲವೊಮ್ಮೆ ರಕ್ತ ಬರೆದಿಟ್ಟುಕೊಳ್ಳುತ್ತದೆ. ಹೇಗೆ ಅಂತ ನೋಡಿ.

ನಮ್ಮ ಬಿಳಿ ರಕ್ತಕಣಗಳ ಒಳಗೆ 46 ವರ್ಣತಂತುಗಳಿವೆ. ಇಂಗ್ಲಿಷಿನವರು ಕ್ರೋಮೋಸೋಮ್ ಅನ್ನುವುದು ಇದಕ್ಕೇ. ಎಕ್ಸ್‌ರೇ ಅಥವಾ ಗಾಮಾ ಕಿರಣ ಹಾದುಹೋಗುವಾಗ ಈ ತಂತು ತುಂಡಾಗಬಹುದು. ಜೀವಕೋಶ ಸುಮ್ಮನಿರುವುದಿಲ್ಲ, ತುಂಡಾದದ್ದನ್ನು ಮತ್ತೆ ಜೋಡಿಸುತ್ತದೆ. ಹೆಚ್ಚಿನ ಸಲ ಸರಿಯಾಗಿಯೇ ಜೋಡಿಸುತ್ತದೆ. ಆದರೆ ಎರಡು ತಂತುಗಳು ಹತ್ತಿರ ಹತ್ತಿರ ಒಟ್ಟಿಗೇ ತುಂಡಾದರೆ ಎಡವಟ್ಟಾಗುತ್ತದೆ. ಎರಡು ಹಗ್ಗ ಹರಿದಾಗ ಕತ್ತಲಲ್ಲಿ ಒಂದರ ತುದಿಗೆ ಇನ್ನೊಂದರ ತುದಿ ಗಂಟು ಹಾಕಿದ ಹಾಗೆ.

ಪ್ರತಿ ವರ್ಣತಂತುವಿಗೂ ಒಂದು ಸೊಂಟ ಇರುತ್ತದೆ. ಹೀಗೆ ತಪ್ಪಾಗಿ ಗಂಟು ಬಿದ್ದದ್ದಕ್ಕೆ ಎರಡು ಸೊಂಟ. ಇದನ್ನು ಡೈಸೆಂಟ್ರಿಕ್ ಅನ್ನುತ್ತಾರೆ. ವಿಜ್ಞಾನಿಗಳು ಸ್ವಲ್ಪ ರಕ್ತ ತೆಗೆದು, ಸುಮಾರು 48 ಗಂಟೆ ಬೆಳೆಸಿ, ಕಣಗಳು ಎರಡಾಗುವ ಹೊತ್ತಿಗೆ ತಡೆದು ನಿಲ್ಲಿಸಿ, ಸೂಕ್ಷ್ಮದರ್ಶಕದಲ್ಲಿ ಇವನ್ನು ಎಣಿಸುತ್ತಾರೆ. ಸಾಮಾನ್ಯ ಜನರಲ್ಲಿ ಇಂಥದ್ದು ಸುಮಾರು ಸಾವಿರ ಕಣಕ್ಕೆ ಒಂದು. ವಿಕಿರಣ ಹೆಚ್ಚಾದಷ್ಟೂ ಎಣಿಕೆ ಏರುತ್ತದೆ. ಎಣಿಕೆ ನೋಡಿ ದೇಹಕ್ಕೆ ಎಷ್ಟು ವಿಕಿರಣ ತಗುಲಿತ್ತು ಅಂತ ಅಂದಾಜು ಹೇಳುತ್ತಾರೆ.

ನಮ್ಮ ದೇಶದಲ್ಲಿ ಈ ಪರೀಕ್ಷೆ ಯಾರಿಗೆ ಬೇಕಾಯಿತು ಗೊತ್ತೇ? ಗುಜರಿ ಅಂಗಡಿಯವರಿಗೆ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ ವರ್ಷಗಟ್ಟಲೆ ಬಳಸದೆ ಬಿಟ್ಟಿದ್ದ ಒಂದು ಯಂತ್ರವನ್ನು ಹರಾಜು ಹಾಕಿತು. ಅದರೊಳಗೆ ಕೋಬಾಲ್ಟ್-60 ಇತ್ತು. ಮಾಯಾಪುರಿಯ ಗುಜರಿಯವರು ಅದನ್ನು ಬಿಚ್ಚಿದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ಪ್ರಾಣ ಬಿಟ್ಟರು. ಅವರಲ್ಲಿ ಯಾರ ಎದೆಯ ಮೇಲೂ ಬ್ಯಾಡ್ಜ್ ಇರಲಿಲ್ಲ. ಎಷ್ಟು ವಿಕಿರಣ ತಗುಲಿತು ಅಂತ ತಿಳಿಯಲು ಅವರ ರಕ್ತವನ್ನೇ ಓದಬೇಕಾಯಿತು. ಓದುಬರಹ ಬಲ್ಲ ಪ್ರೊಫೆಸರುಗಳ ಕಟ್ಟಡದಿಂದ ಹೊರಟ ವಸ್ತು ಅದು. ಲೆಕ್ಕ ಇಡಬೇಕಾದವರು ಇಡಲಿಲ್ಲ. ಕೂಲಿಯವನ ರಕ್ತವೇ ಮೀಟರ್ ಆಯಿತು.

ನಮ್ಮ ಜಗಳ ಇರುವುದು ಇಲ್ಲೇ. ರಕ್ತಪರೀಕ್ಷೆ ಒಳ್ಳೆಯ ವಿಜ್ಞಾನ, ಅದಕ್ಕೆ ಕೈ ಮುಗಿಯುತ್ತೇವೆ. ಆದರೆ ಅದು ಅನಾಹುತ ಆದಮೇಲಿನ ಪಂಚನಾಮೆ. ಸುಮಾರು 100 ಮಿಲಿಸೀವರ್ಟ್‌ಗಿಂತ ಕಡಿಮೆ ತಗುಲಿದ್ದರೆ ಈ ಎಣಿಕೆಯಲ್ಲಿ ಸರಿಯಾಗಿ ಗೊತ್ತೇ ಆಗುವುದಿಲ್ಲ. ಜೊತೆಗೆ, ಎರಡು ಸೊಂಟದ ಕಣಗಳು ಕಾಲ ಕಳೆದಂತೆ ಸಾಯುತ್ತವೆ. ತಡ ಮಾಡಿದರೆ ಸಾಕ್ಷಿಯೂ ಅಳಿಸುತ್ತದೆ. ದಿನಾ ಸ್ವಲ್ಪ ಸ್ವಲ್ಪ ತಗುಲಿಸಿಕೊಳ್ಳುವ ಎಕ್ಸ್‌ರೇ ಕೆಲಸಗಾರನಿಗೆ ಬ್ಯಾಡ್ಜ್ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಅದನ್ನೇ ಡ್ರಾಯರ್‌ಗೆ ಹಾಕಿಸಿ "ಏನೂ ಆಗಲ್ಲ ಬಿಡಪ್ಪ" ಅನ್ನುವ ಮಾಲೀಕರನ್ನು ನಾವು ಕೇಳುತ್ತೇವೆ: ಏನೂ ಆಗಲ್ಲ ಅಂತ ನಿಮಗೆ ಹೇಗೆ ಗೊತ್ತು? ಅಳೆದು ನೋಡಿದ್ದೀರಾ?

ಕಾನೂನು ಇದೆ. ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇಲ್ಲದೆ ಎಕ್ಸ್‌ರೇ ಯಂತ್ರ ನಡೆಸುವಂತಿಲ್ಲ. ಕೆಲಸಗಾರನಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ದಾಟಬಾರದು, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಬ್ಯಾಡ್ಜ್ ಡ್ರಾಯರ್‌ನಲ್ಲಿದ್ದರೆ ಈ ಅಂಕಿಗಳೆಲ್ಲ ಗೋಡೆಗೆ ತೂಗುಹಾಕಿದ ಹಳೇ ಕ್ಯಾಲೆಂಡರ್.

ಇನ್ನು ನಮ್ಮವರ ಕಡೆಗೂ ಒಂದು ಮಾತು. ಊರಿಗೆ ಮೊಬೈಲ್ ಟವರ್ ಬಂದರೆ ಪಂಚಾಯಿತಿ ಮುಂದೆ ಧರಣಿ ಕೂರುತ್ತೇವೆ. ಟವರಿನ ರೇಡಿಯೋ ಅಲೆಗೆ ವರ್ಣತಂತುವನ್ನು ತುಂಡು ಮಾಡುವಷ್ಟು ಶಕ್ತಿ ಇಲ್ಲ. ಆ ಶಕ್ತಿ ಇರುವ ಎಕ್ಸ್‌ರೇ ಕೋಣೆಯ ಬಾಗಿಲು ಹಾರುಹೊಡೆದಿದ್ದರೂ ಅದರೆದುರು ಬೆಂಚಿನ ಮೇಲೆ ಕೂತು ಮಕ್ಕಳಿಗೆ ಬಿಸ್ಕತ್ತು ತಿನ್ನಿಸುತ್ತೇವೆ. ಹೆದರಿಕೆ ಇದೆ, ಆದರೆ ತಪ್ಪು ಬಾಗಿಲು ತಟ್ಟುತ್ತಿದೆ.

ಹಾಗಂತ ಎಕ್ಸ್‌ರೇ ಬೇಡ ಅನ್ನಬೇಡಿ. ಎದೆಯ ಒಂದು ಎಕ್ಸ್‌ರೇಯಿಂದ ಬರುವುದು 0.1 ಮಿಲಿಸೀವರ್ಟ್‌ನಷ್ಟು ಅಥವಾ ಅದಕ್ಕೂ ಕಡಿಮೆ. ಕ್ಷಯ ಇದೆಯೋ ಇಲ್ಲವೋ ಅಂತ ನೋಡಲು ಡಾಕ್ಟರು ಬರೆದುಕೊಟ್ಟರೆ ಖಂಡಿತ ತೆಗೆಸಿ. ತೆಗೆಸುವಾಗ ನಾಲ್ಕು ಮಾತು ಕೇಳಿ. ಪರವಾನಗಿ ಇದೆಯಾ? ಬಾಗಿಲು ಹಾಕುತ್ತೀರಾ? ಮಗುವನ್ನು ನಾವೇ ಹಿಡಿದುಕೊಳ್ಳಬೇಕಾದರೆ ಸೀಸದ ಏಪ್ರನ್ ಕೊಡುತ್ತೀರಾ? ನಿಮ್ಮ ಬ್ಯಾಡ್ಜ್ ಎಲ್ಲಿ? ಬಸುರಿಯಾಗಿದ್ದರೆ ಮೊದಲೇ ಹೇಳಿ, ಮಗು ಹಿಡಿಯಲು ನೀವು ಹೋಗಬೇಡಿ.

ಕೊನೆಯ ಪ್ರಶ್ನೆ ನಿಮಗಾಗಿ ಅಲ್ಲ, ಆ ಕೆಲಸಗಾರನಿಗಾಗಿ. ಅವನೂ ಯಾವುದೋ ಹಳ್ಳಿಯಿಂದ ಡಿಪ್ಲೊಮಾ ಮುಗಿಸಿ ಬಂದ ನಮ್ಮ ನಿಮ್ಮಂಥವರ ಮನೆಯ ಹುಡುಗ. ಸಂಬಳ ಹೋಗುತ್ತೆ ಅಂತ ಹೆದರಿ ಅವನು ಬಾಯಿ ಬಿಡುವುದಿಲ್ಲ. ದುಡ್ಡು ಕೊಟ್ಟು ಬಂದ ನಾವು ಕೇಳಬಹುದು. ಹತ್ತು ಜನ ಕೇಳಿದರೆ ಡ್ರಾಯರ್ ತೆರೆಯುತ್ತದೆ.