ಸುಮ್ಮನೆ ಮನೆಯಲ್ಲಿದ್ದವಳು

‘ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?’

ಮದುವೆ, ಬಾಣಂತನ, ಅತ್ತೆ-ಮಾವಂದಿರ ಆರೈಕೆ ಎಂದು ಹತ್ತು ಹನ್ನೆರಡು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸ ಕೇಳಲು ಹೊರಟ ಹೆಣ್ಣುಮಗಳಿಗೆ ಸಂದರ್ಶನದಲ್ಲಿ ಎದುರಾಗುವ ಪ್ರಶ್ನೆ ಇದು. ಕೇಳುವವರ ದನಿಯಲ್ಲೇ ಉತ್ತರವೂ ಇರುತ್ತದೆ: ಏನೂ ಮಾಡಿಲ್ಲ. ವಿಷಾದದ ಸಂಗತಿಯೆಂದರೆ, ಆಕೆಯೂ ತಲೆ ತಗ್ಗಿಸಿ ‘ಸುಮ್ಮನೆ ಮನೆಯಲ್ಲಿದ್ದೆ ಸಾರ್’ ಎನ್ನುತ್ತಾಳೆ. ಆ ‘ಸುಮ್ಮನೆ’ ಎಂಬ ಪದವನ್ನು ಅವಳ ಬಾಯಿಗೆ ಹಾಕಿದವರು ಯಾರು?

ಹಳ್ಳಿಮೈಸೂರನ್ನೇ ತೆಗೆದುಕೊಳ್ಳಿ. ಹೊಳೆನರಸೀಪುರ ತಾಲೂಕಿನ ಹೋಬಳಿ ಕೇಂದ್ರ. ಇಂತಹ ಊರುಗಳಿಗೆ ಸೊಸೆಯರಾಗಿ ಬಂದವರಲ್ಲಿ ಬಿ.ಎ., ಬಿ.ಎಡ್. ಮಾಡಿದವರೇನೂ ಕಡಿಮೆಯಿಲ್ಲ. ಮದುವೆಯ ಮಾತುಕತೆಯಲ್ಲಿ ಹುಡುಗಿಯ ಓದು ಹೆಮ್ಮೆಯ ವಿಷಯ. ಮದುವೆ ಮುಗಿದ ಮೇಲೆ ಅಂಕಪಟ್ಟಿ ಬೀರುವಿನೊಳಗೆ, ರೇಷನ್ ಕಾರ್ಡಿನ ಕೆಳಗೆ. ಮಕ್ಕಳು ದೊಡ್ಡವರಾಗಿ ಅದನ್ನು ಹೊರತೆಗೆದಾಗ ಹೋಗಬಹುದಾದ ಜಾಗಗಳಾದರೂ ಎಷ್ಟು? ಒಂದು ಖಾಸಗಿ ಶಾಲೆ, ಒಂದು ಸಹಕಾರ ಸಂಘ, ಹಾಸನದ ಕಡೆಯ ಗಾರ್ಮೆಂಟ್ಸ್. ಶಕ್ತಿ ಯೋಜನೆ ಬಂದು, 2023ರ ಜೂನ್ 11ರಿಂದ ಬಸ್ಸಿನ ಖರ್ಚೇನೋ ಉಳಿಯಿತು. ಬಸ್ಸಿಳಿದು ಹೋಗಿ ಕುಳಿತ ಮೇಜಿನ ಆಚೆಗಿರುವವರ ಮನಸ್ಸು ಮಾತ್ರ ಹಳೆಯದೇ.

‘ಸುಮ್ಮನೆ’ ಎಂಬುದರ ಲೆಕ್ಕವನ್ನು ಕೇಂದ್ರ ಸರಕಾರವೇ ಕೊಟ್ಟಿದೆ. 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97. ಅಂದ ಹಾಗೆ, ಈ 97 ಕೂಡ ಮನೆಗೆಲಸಕ್ಕೆ ಕೈಹಾಕುವ ಗಂಡಸರ ಸರಾಸರಿ. ಕೈಯೇ ಹಾಕದವರು ಈ ಲೆಕ್ಕದಲ್ಲಿಲ್ಲ! ಮಕ್ಕಳ, ಕಾಯಿಲೆಯವರ ಆರೈಕೆಯದು ಬೇರೆಯೇ ಬಾಬ್ತು.

ನ್ಯಾಯಾಲಯಗಳಿಗೂ ಇದು ಗೊತ್ತು. 1989ರ ಜಮ್ಶೆಡ್‌ಪುರದ ಅಗ್ನಿ ದುರಂತದಲ್ಲಿ ಮಡಿದ ಗೃಹಿಣಿಯರ ಸೇವೆಗೆ ಸುಪ್ರೀಂ ಕೋರ್ಟ್ 2001ರಲ್ಲಿ ತಿಂಗಳಿಗೆ 3,000 ರೂಪಾಯಿ ಬೆಲೆ ಕಟ್ಟಿತು. ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಸಾಲಿನಲ್ಲಿ ‘ದುಡಿಯದವರು’ ಎಂದು ಸೇರಿಸಿದ್ದ ಜನಗಣತಿಯನ್ನು 2010ರಲ್ಲಿ ಅದೇ ನ್ಯಾಯಾಲಯ ತರಾಟೆಗೆ ತೆಗೆದುಕೊಂಡಿತು. 2021ರ ಜನವರಿಯಲ್ಲಿ ಇನ್ನೊಂದು ಅಪಘಾತ ಪರಿಹಾರದ ತೀರ್ಪಿನಲ್ಲಿ ಈ 299 ನಿಮಿಷಗಳನ್ನೇ ಉಲ್ಲೇಖಿಸಿತು. ಅಂದರೆ ಮನೆಯಾಕೆ ಸತ್ತ ಮೇಲೆ ಅವಳ ದುಡಿಮೆಗೆ ಬೆಲೆಯಿದೆ. ಬದುಕಿದ್ದು ಅರ್ಜಿ ಹಿಡಿದು ಬಂದರೆ ಅದೇ ದುಡಿಮೆ ಸೊನ್ನೆ. ಇದೆಂತಹ ನ್ಯಾಯ?

‘ಕಲಿತದ್ದು ಮರೆತುಹೋಗಿರುತ್ತದೆ’ ಎನ್ನುವವರಿದ್ದಾರೆ. ಸ್ವಲ್ಪ ನಿಜ. ಪಠ್ಯಪುಸ್ತಕ ಬದಲಾಗಿದೆ, ಹಾಜರಾತಿ ಕಂಪ್ಯೂಟರಿಗೆ ಹೋಗಿದೆ. 2010ರಲ್ಲಿ ಒಂದರಿಂದ ಎಂಟನೆಯ ತರಗತಿವರೆಗಿನ ಶಿಕ್ಷಕರ ನೇಮಕಾತಿಗೆ ಟಿಇಟಿ ಎಂಬ ಅರ್ಹತಾ ಪರೀಕ್ಷೆ ಬಂತು. ಅದಕ್ಕೂ ಮೊದಲು ಬಿ.ಎಡ್. ಮುಗಿಸಿ ಮನೆ ಸೇರಿದವರಲ್ಲಿ ಎಷ್ಟೋ ಮಂದಿಗೆ ಇದು ಹೊಸದು. ಇವನ್ನೆಲ್ಲ ಕಲಿಯಲೇಬೇಕು, ರಿಯಾಯಿತಿ ಕೇಳುವ ಅಗತ್ಯವಿಲ್ಲ. ಆದರೆ ಏಳು ವರ್ಷವಷ್ಟೇ ಇದ್ದ ಟಿಇಟಿ ಪ್ರಮಾಣಪತ್ರದ ಅವಧಿಯನ್ನು 2021ರಲ್ಲಿ ಜೀವನಪರ್ಯಂತ ಎಂದು ಮಾಡಿದ್ದೂ ಸರಕಾರವೇ. ಕಲಿತದ್ದು ಏಳು ವರ್ಷಕ್ಕೆ ಹಳಸುವುದಿಲ್ಲವೆಂದು ಅದು ಒಪ್ಪಿದ ಮೇಲೆ ಶಾಲೆಯ ಆಡಳಿತ ಮಂಡಳಿಯದೇನು ತಕರಾರು?

ನಮ್ಮ ಅನುಮಾನ ಬೇರೆಯೇ. ಈ ಪ್ರಶ್ನೆ ಕೇಳುವುದು ಉತ್ತರ ತಿಳಿಯಲಿಕ್ಕಲ್ಲ, ಸಂಬಳ ಇಳಿಸಲಿಕ್ಕೆ. ನಿಜವಾಗಿ ಅವಳು ಅಯೋಗ್ಯಳಾಗಿದ್ದರೆ ಕೆಲಸ ಕೊಡಬಾರದಿತ್ತು. ಕೊಡುತ್ತಾರೆ, ಆದರೆ ‘ಇಷ್ಟು ವರ್ಷ ಮನೆಯಲ್ಲಿದ್ದವರಲ್ಲವೇ, ಸದ್ಯಕ್ಕೆ ಇಷ್ಟು ಇಟ್ಟುಕೊಳ್ಳಿ’ ಎಂದು ಹೊಸಬರಿಗಿಂತಲೂ ಕಡಿಮೆಗೆ. ಮನೆ ನಿಭಾಯಿಸಿ ಬಂದ ತಾಳ್ಮೆ, ಮಕ್ಕಳನ್ನು ಸಂಭಾಳಿಸುವ ಜಾಣ್ಮೆ ಎಲ್ಲವೂ ಅವರಿಗೆ ಬೇಕು, ಪುಕ್ಕಟೆಯಾಗಿ ಬೇಕು.

ಹೊರಗಿನವರನ್ನಷ್ಟೇ ದೂರಿ ಫಲವಿಲ್ಲ. ಅಲ್ಲಿಗೆ ಹೋಗುವ ಮುನ್ನ ಅವಳು ಮನೆಯೊಳಗೊಂದು ಸಂದರ್ಶನ ಕೊಟ್ಟಿರುತ್ತಾಳೆ. ಅಡುಗೆ ಯಾರು ಮಾಡುತ್ತಾರೆ, ಮಗುವನ್ನು ಯಾರು ಕರೆತರುತ್ತಾರೆ, ನೆಂಟರು ಏನೆನ್ನುತ್ತಾರೆ? ಮುಸ್ಲಿಮ್ ಮನೆಗಳಲ್ಲಿ ಈ ಸಂದರ್ಶನ ಇನ್ನೂ ಬಿಗಿ. ಮುಸ್ಲಿಮ್ ಮಹಿಳೆಯರಲ್ಲಿ ದುಡಿಮೆಗೆ ಬರುವವರು ಕಡಿಮೆ, ಬಂದವರಲ್ಲೂ ಬಹಳಷ್ಟು ಮಂದಿ ಮನೆಯಲ್ಲೇ ಕುಳಿತು ಮಾಡುವ ಕೆಲಸದವರು ಎಂದು 2006ರಲ್ಲೇ ಸಾಚಾರ್ ಸಮಿತಿ ಹೇಳಿತ್ತು. ಬೀಡಿ ಕಟ್ಟಿದರೂ ಬಟ್ಟೆ ಹೊಲಿದರೂ ಆಕೆ ನೆರೆಹೊರೆಯ ಕಣ್ಣಿಗೆ ‘ಮನೆಯಲ್ಲೇ ಇರುವವಳು’. ಅದು ಗೌರವವೆಂದು ಬೀಗುವ ಗಂಡಸರು ಬೀಡಿಯ ದುಡ್ಡನ್ನೇನೂ ಬೇಡವೆನ್ನುವುದಿಲ್ಲ.

ಆದ್ದರಿಂದ ಸಂದರ್ಶನಕ್ಕೆ ಸಿದ್ಧರಾಗುವ ಸೋದರಿಯರೇ, ಅರ್ಜಿಯಲ್ಲಿ ಆ ವರ್ಷಗಳನ್ನು ಖಾಲಿ ಬಿಡಬೇಡಿ. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದಿದ್ದರೆ ಅದನ್ನು ಬರೆಯಿರಿ. ಬ್ಯಾಂಕಿನಿಂದ ಸಾಲ ತಂದು ಕಂತು ವಸೂಲು ಮಾಡಿ ತೀರಿಸಿದ್ದು ಗುಮಾಸ್ತೆಯ ಕೆಲಸಕ್ಕಿಂತ ಕಡಿಮೆಯದಲ್ಲ. ಓಣಿಯ ಮಕ್ಕಳಿಗೆ ಪಾಠ ಹೇಳಿದ್ದರೆ ಎಷ್ಟು ಮಕ್ಕಳು, ಯಾವ ತರಗತಿ ಎಂದು ಬರೆಯಿರಿ. ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿದ್ದಿರಾ? ಅದನ್ನೂ. ಮಾಡದ್ದನ್ನು ಸೇರಿಸಬೇಡಿ, ಮಾಡಿದ್ದನ್ನು ಮುಚ್ಚಿಡಬೇಡಿ. ‘ಸುಮ್ಮನೆ’ ಎಂಬ ಪದ ಬಾಯಿಗೆ ಬಾರದಂತೆ ಮನೆಯಲ್ಲೇ ನಾಲ್ಕು ಸಲ ಗಟ್ಟಿಯಾಗಿ ಹೇಳಿ ರೂಢಿಸಿಕೊಳ್ಳಿ. ಕೇಳಿಸಿಕೊಳ್ಳಲು ಗಂಡನನ್ನೇ ಎದುರಿಗೆ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ಸಂಬಳದ ಮಾತು ಬಂದಾಗ ‘ಎಷ್ಟಾದರೂ ಕೊಡಿ ಸಾರ್’ ಎನ್ನದೆ, ಇದೇ ಕೆಲಸಕ್ಕೆ ಹೋದ ವರ್ಷ ಸೇರಿದವರಿಗೆ ಎಷ್ಟು ಕೊಡುತ್ತಿದ್ದೀರಿ ಎಂದು ಕೇಳಿ.