ಕಂಪ್ಯೂಟರು ಅಳಿಸಿದ ಸಂಸಾರಗಳು

2017ರ ಜುಲೈ ತಿಂಗಳಲ್ಲಿ ಗೋಕರ್ಣದ ಹತ್ತಿರ ಒಂದೇ ಮನೆಯ ಮೂವರು ಅಣ್ಣತಮ್ಮಂದಿರು ಎರಡು ವಾರದೊಳಗೆ ಒಬ್ಬರ ಹಿಂದೊಬ್ಬರು ತೀರಿಕೊಂಡರು. ದಲಿತ ಕುಟುಂಬ. ರೇಷನ್ ಕಾರ್ಡಿಗೆ ಆಧಾರ್ ಜೋಡಣೆಯಾಗಿಲ್ಲವೆಂದು ತಿಂಗಳುಗಟ್ಟಲೆ ಆ ಮನೆಗೆ ಅಕ್ಕಿ ಸಿಕ್ಕಿರಲಿಲ್ಲ ಎಂದು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಸತ್ಯಶೋಧನಾ ತಂಡ ಹೋಗಿ ನೋಡಿ ಬರೆಯಿತು. ಕುಡಿತದಿಂದ ಸತ್ತರು ಎಂದು ಸರ್ಕಾರದ ಕಡೆಯವರು ಷರಾ ಬರೆದರು. ಅದಾಗಿ ಎರಡೂವರೆ ತಿಂಗಳಿಗೆ, ಸೆಪ್ಟೆಂಬರ್ 28ರಂದು, ಜಾರ್ಖಂಡಿನ ಸಿಮ್ಡೇಗಾ ಜಿಲ್ಲೆಯಲ್ಲಿ 11 ವರ್ಷದ ಹುಡುಗಿಯೊಬ್ಬಳು ಸತ್ತಳು. ಅವಳ ಮನೆಯ ಕಾರ್ಡೂ ಅದೇ ಕಾರಣಕ್ಕೆ ರದ್ದಾಗಿತ್ತು. ದುರ್ಗಾಪೂಜೆಯ ರಜೆ, ಶಾಲೆ ಮುಚ್ಚಿದ್ದರಿಂದ ಬಿಸಿಯೂಟವೂ ಇರಲಿಲ್ಲ. ಅನ್ನ ಕೇಳುತ್ತ ಕೇಳುತ್ತಲೇ ಮಗಳ ಜೀವ ಹೋಯಿತು ಎಂದು ತಾಯಿ ಹೇಳಿದಳು. ಸರ್ಕಾರ ಮಲೇರಿಯಾ ಎಂದಿತು.

ಹೊಟ್ಟೆಗಿಲ್ಲದೆ ಸತ್ತವರಿಗೆ ಈ ದೇಶದ ಕಡತಗಳು ಬೇರೊಂದು ಕಾರಣವನ್ನು ಹುಡುಕಿಯೇ ಹುಡುಕುತ್ತವೆ. ಮಣ್ಣಾದವರನ್ನು ಎಬ್ಬಿಸಿ ಕೇಳುವಂತಿಲ್ಲ. ಆದರೆ ಅವರ ಕಾರ್ಡು ರದ್ದಾದದ್ದು ಯಾರ ಮಾತಿನಿಂದ ಎಂದು ಕೇಳಬಹುದಲ್ಲ? ಜಾರ್ಖಂಡಿನ ಮುಖ್ಯ ಕಾರ್ಯದರ್ಶಿ ಅದೇ ವರ್ಷ ಮಾರ್ಚ್ ಕೊನೆಯಲ್ಲಿ ವಿಡಿಯೋ ಸಭೆ ನಡೆಸಿ, ಏಪ್ರಿಲ್ 5ರಿಂದ ಆಧಾರ್ ಇಲ್ಲದ ಕಾರ್ಡುಗಳೆಲ್ಲ ಅಸಿಂಧು ಎಂದು ಅಪ್ಪಣೆ ಕೊಟ್ಟಿದ್ದರು. ಸೆಪ್ಟೆಂಬರಿನಲ್ಲಿ ಸರ್ಕಾರ ತನ್ನ ಸಾವಿರ ದಿನದ ಸಾಧನೆಯ ಪುಸ್ತಕ ತಂದಾಗ, 11 ಲಕ್ಷಕ್ಕೂ ಹೆಚ್ಚು ನಕಲಿ ಕಾರ್ಡು ತೆಗೆದುಹಾಕಿದ್ದನ್ನು ಹೆಮ್ಮೆಯಿಂದ ಅಚ್ಚು ಹಾಕಿಸಿತು. ಅದಾದ ಕೆಲವೇ ದಿನಕ್ಕೆ ಆ ಹುಡುಗಿ ಸತ್ತಳು. ಅಕ್ಟೋಬರಿನಲ್ಲಿ ವಿಶ್ವಬ್ಯಾಂಕಿನ ವೇದಿಕೆಯ ಮೇಲೆ ಕೂತು, ಆಧಾರ್ ಯೋಜನೆಯನ್ನು ಕಟ್ಟಿದ ನಮ್ಮ ಬೆಂಗಳೂರಿನ ನಂದನ್ ನಿಲೇಕಣಿ, ಇದರಿಂದ ಸರ್ಕಾರಕ್ಕೆ 900 ಕೋಟಿ ಡಾಲರ್ ಉಳಿತಾಯವಾಗಿದೆ ಎಂದರು.

ಆಮೇಲೆ ಅರ್ಥಶಾಸ್ತ್ರಜ್ಞರು ಜಾರ್ಖಂಡಿನ 10 ಜಿಲ್ಲೆಗಳಲ್ಲಿ ಕಾರ್ಡುಗಳನ್ನು ಆರಿಸಿಕೊಂಡು, ಮನೆ ಹುಡುಕಿಕೊಂಡು ಹೋದರು. ರದ್ದಾದ ಕಾರ್ಡುಗಳಲ್ಲಿ ಶೇ. 90ರ ಆಸುಪಾಸು ನಿಜವಾದ ಸಂಸಾರಗಳವು. ಒಲೆ ಇದೆ, ಮಕ್ಕಳಿದ್ದಾರೆ, ಮನೆಯ ಮುಂದೆ ಮುದುಕರು ಕೂತಿದ್ದಾರೆ. ಸಂಶೋಧಕರು ಹೋಗಬಹುದಾದ ಬಾಗಿಲಿಗೆ ಸರ್ಕಾರ ಯಾಕೆ ಹೋಗಲಿಲ್ಲ? ಕಾರ್ಡು ತೆಗೆಯುವ ಮೊದಲು ಒಂದು ಸಲ ಹೋಗಿ ಬಾಗಿಲು ತಟ್ಟುವುದಕ್ಕೆ ಏನು ಖರ್ಚಾಗುತ್ತಿತ್ತು?

ತಿಂಗಳ ಮೊದಲ ವಾರ ಯಾವ ಊರಿನ ಸೊಸೈಟಿಗಾದರೂ ಹೋಗಿ ನಿಲ್ಲಿ. ಸಣ್ಣ ಯಂತ್ರ, ಅದರ ಮೇಲೆ ಬೆರಳಿಡುವ ಗಾಜು. ಅಂಗಡಿಯವನು ‘ತಂಬ್ ಕೊಡಮ್ಮಾ’ ಎನ್ನುತ್ತಾನೆ. ಅಡಿಕೆ ಸುಲಿದು ಸುಲಿದು ಕಪ್ಪಾಗಿ ಬಿರುಕು ಬಿಟ್ಟ ಹೆಬ್ಬೆರಳು. ಹತ್ತುವುದಿಲ್ಲ. ಸೆರಗಿಗೆ ಒರೆಸಿ ಮತ್ತೆ ಇಡುತ್ತಾಳೆ. ಹತ್ತುವುದಿಲ್ಲ. ಇನ್ನೊಂದು ಕೈ, ಇನ್ನೊಂದು ಬೆರಳು. ಹಿಂದೆ ನಿಂತವರು ‘ಬೇಗ ಬೇಗ’ ಅನ್ನುತ್ತಾರೆ. ಆಮೇಲೆ ಸರ್ವರ್ ಹೋಗುತ್ತದೆ. ‘ನಾಳೆ ಬಾ’ ಎನ್ನುತ್ತಾನೆ ಅಂಗಡಿಯವನು. ನಾಳೆ ಬಂದರೆ ಆ ದಿನದ ಕೂಲಿ ಹೋಯಿತು. ಬೀಡಿ ಕಟ್ಟುವವರದು, ಗಾರೆ ಕೆಲಸದವರದು, ಪಾತ್ರೆ ತಿಕ್ಕುವವರದು ಇದೇ ಪಾಡು. ದುಡಿದು ಬೆರಳಿನ ಗೆರೆ ಸವೆಸಿಕೊಂಡವರಿಗೆ, ಆ ಗೆರೆ ಇಲ್ಲ ಎಂಬ ಕಾರಣಕ್ಕೇ ಅನ್ನವಿಲ್ಲ.

ಇದು ಅಲ್ಲೊಂದು ಇಲ್ಲೊಂದು ಆಗುವ ತೊಡಕು ಎಂದು ಯಾರೂ ಹೇಳಬೇಡಿ. ಸರ್ಕಾರಿ ಸೇವೆಗಳಲ್ಲಿ ದೃಢೀಕರಣ ಶೇ. 12ರಷ್ಟು ವಿಫಲವಾಗುತ್ತದೆ ಎಂದು 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಪ್ಪಿಕೊಂಡವರು ಆಧಾರ್ ಪ್ರಾಧಿಕಾರದ ಮುಖ್ಯಸ್ಥರೇ. ನೂರರಲ್ಲಿ ಹನ್ನೆರಡು ಸಲ ಕೈಕೊಡುವ ತಕ್ಕಡಿಯನ್ನು ಯಾವ ಸಂತೆಯಲ್ಲೂ ಇಟ್ಟುಕೊಳ್ಳಲು ಬಿಡುವುದಿಲ್ಲ. ಬೆರಳು ಹತ್ತದಿದ್ದರೆ ರಿಜಿಸ್ಟರಿನಲ್ಲಿ ಬರೆದುಕೊಂಡು ರೇಷನ್ ಕೊಡಿ ಎಂದು 2017ರ ಅಕ್ಟೋಬರ್ 24ರಂದು ಪ್ರಾಧಿಕಾರವೇ ಸುತ್ತೋಲೆ ಹೊರಡಿಸಿದೆ. ಆ ರಿಜಿಸ್ಟರು ನಿಮ್ಮೂರಿನ ಅಂಗಡಿಯಲ್ಲಿ ಇದೆಯೇ, ಕೇಳಿ ನೋಡಿ.

ಬಡವರ ಮೇಲಿನ ಈ ಅನುಮಾನದ ಬೇರು ಎಲ್ಲಿದೆ ಎಂಬುದನ್ನು ಮರೆಯಬಾರದು. ಎಲ್ಲರಿಗೂ ಒಂದು ರಾಷ್ಟ್ರೀಯ ಗುರುತಿನ ಚೀಟಿ ಇರಬೇಕೆಂಬ ಮಾತು ಗಟ್ಟಿಯಾದದ್ದು ಕಾರ್ಗಿಲ್ ಯುದ್ಧದ ನಂತರ. ದೇಶದ ಭದ್ರತೆ ಕುರಿತ ಸಚಿವರ ಗುಂಪು 2001ರಲ್ಲಿ ಅದನ್ನು ಶಿಫಾರಸು ಮಾಡಿತು. ಗಡಿ ನುಸುಳುವವರನ್ನು ಹಿಡಿಯಬೇಕೆಂಬುದು ಅದರ ಉದ್ದೇಶ. 2009ರಲ್ಲಿ ಆಧಾರ್ ಪ್ರಾಧಿಕಾರ ಹುಟ್ಟುವಾಗ ಮಾತು ಬದಲಾಯಿತು, ಬಡವರಿಗೆ ಸವಲತ್ತು ತಲುಪಿಸುತ್ತೇವೆ ಎಂದರು. ಮಾತು ಬದಲಾದರೂ ಕಣ್ಣು ಬದಲಾಗಲಿಲ್ಲ. ನುಸುಳುಕೋರನ ಮೇಲಿದ್ದ ಸಂಶಯ ಅಕ್ಕಿಗೆ ಸಾಲು ನಿಂತ ಹೆಂಗಸಿನ ಮೇಲೆ ಬಂದು ಕೂತಿತು. ನಾನು ಕಳ್ಳಿಯಲ್ಲ, ನಾನು ಸತ್ತಿಲ್ಲ, ನಾನು ನಾನೇ ಎಂದು ಅವಳು ಪ್ರತಿ ತಿಂಗಳೂ ಯಂತ್ರದ ಮುಂದೆ ರುಜುವಾತು ಮಾಡಬೇಕು. ಮಲ್ಯನಿಗೆ, ನೀರವ್ ಮೋದಿಗೆ ಸಾಲ ಕೊಟ್ಟ ಬ್ಯಾಂಕುಗಳಿಗೆ ಇಲ್ಲದ ಸಂಶಯ ಐದು ಕೆಜಿ ಅಕ್ಕಿಗೆ!

ಆಧಾರ್ ವಿರುದ್ಧ ಮೊದಲು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರೂ ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಅರ್ಜಿ ಹಾಕಿದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಅವರ ಹೆಸರಿನಲ್ಲೇ ಇದೆ. ಆದರೆ 2018ರ ಸೆಪ್ಟೆಂಬರ್ 26ರಂದು ನಾಲ್ವರು ನ್ಯಾಯಮೂರ್ತಿಗಳು ಸಬ್ಸಿಡಿಗೆ ಆಧಾರ್ ಬೇಕೇ ಬೇಕು ಎಂಬ ಕಲಮನ್ನು ಉಳಿಸಿದರು. ಭಿನ್ನ ತೀರ್ಪು ಬರೆದ ಚಂದ್ರಚೂಡ್ ಒಬ್ಬರೇ ಇಡೀ ಕಾಯ್ದೆಯೇ ಸಂವಿಧಾನಕ್ಕೆ ವಿರುದ್ಧ ಎಂದರು.

ರೇಷನ್ ಒಂದೇ ಅಲ್ಲ. ಉದ್ಯೋಗ ಖಾತ್ರಿಯಲ್ಲಿ 2021–22ರಲ್ಲಿ ಅಳಿಸಿದ ಕಾರ್ಮಿಕರ ಹೆಸರು ಸುಮಾರು ಒಂದೂವರೆ ಕೋಟಿ, ಮರುವರ್ಷ ಐದು ಕೋಟಿಗೂ ಹೆಚ್ಚು. 2023ರ ಜುಲೈನಲ್ಲಿ ಲೋಕಸಭೆಯಲ್ಲಿ ಸಚಿವರೇ ಕೊಟ್ಟ ಉತ್ತರ ಇದು. ನಕಲಿ, ಎರಡೆರಡು ಸಲ ದಾಖಲು, ಊರು ಬಿಟ್ಟವರು, ಸತ್ತವರು ಎಂದು ಕಾರಣ ಕೊಟ್ಟರು. ಜೊತೆಗೆ ‘ಕೆಲಸ ಮಾಡಲು ಮನಸ್ಸಿಲ್ಲದವರು’ ಎಂಬುದೂ ಇತ್ತು. ಒಂದೇ ವರ್ಷದಲ್ಲಿ ಹಳ್ಳಿಯ ಕೋಟ್ಯಂತರ ಜನಕ್ಕೆ ದುಡಿಯುವ ಮನಸ್ಸು ಹೊರಟುಹೋಯಿತೇ? ಕೂಲಿಯನ್ನೆಲ್ಲ ಆಧಾರ್ ಮೂಲಕವೇ ಕೊಡಬೇಕೆಂದು ಗಡುವಿನ ಮೇಲೆ ಗಡುವು ಬರುತ್ತಿದ್ದ ವರ್ಷ ಅದು. ಜೋಡಣೆ ಮಾಡಿ ಮುಗಿಸುವುದಕ್ಕಿಂತ ಹೆಸರು ಅಳಿಸಿ ಲೆಕ್ಕ ಸರಿ ಮಾಡುವುದು ಸುಲಭವಾಯಿತು. ಹಾಗಲ್ಲ ಎನ್ನುವವರು ಆ ಐದು ಕೋಟಿ ಹೆಸರುಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ.

ಹೆಸರು ಉಳಿದವರ ಗತಿಯಾದರೂ ಏನಾಯಿತು? 2023ರ ಜನವರಿ 1ರಿಂದ ಹಾಜರಿಯನ್ನು ಆ್ಯಪಿನಲ್ಲಿ ದಿನಕ್ಕೆ ಎರಡು ಫೋಟೋ ತೆಗೆದು ಹಾಕುವುದು ಕಡ್ಡಾಯವಾಯಿತು. ಹೊತ್ತು ಮೂಡುವ ಮೊದಲೇ ಬಂದು, ಅಳತೆಯ ಗುಂಡಿ ತೋಡಿ, ಬದು ಹಾಕಿ ಹತ್ತು ಗಂಟೆಗೆ ಕೆಲಸ ಮುಗಿಸಿದ ಹೆಂಗಸರು ಎರಡನೇ ಫೋಟೋಗಾಗಿ ಬಿಸಿಲಲ್ಲಿ ಕಾಯಬೇಕು. ಮನೆಯಲ್ಲಿ ಹಸುಗೂಸಿದ್ದರೂ ಹೋಗುವಂತಿಲ್ಲ. ಹಾಜರಿ ಹಾಕುವ ಕಾಯಕ ಬಂಧು ಫೋನು ಎತ್ತಿ ಹಿಡಿದು ನೆಟ್‌ವರ್ಕ್ ಹುಡುಕುತ್ತ ದಿಬ್ಬ ಹತ್ತುತ್ತಾಳೆ. ಫೋಟೋ ಏರದಿದ್ದರೆ ತೋಡಿದ ಗುಂಡಿ ಕಣ್ಣೆದುರಿಗೇ ಇದ್ದರೂ ಆ ದಿನದ ಕೂಲಿಗೆ ಕುತ್ತು.

ತೆಲಂಗಾಣದಲ್ಲಿ ಸುಮಾರು 19 ಲಕ್ಷ ರೇಷನ್ ಕಾರ್ಡುಗಳು ರದ್ದಾದವು. ಯಾರ ಹೆಸರಿನಲ್ಲಿ ಕಾರಿದೆ, ಜಮೀನಿದೆ ಎಂದು ಕಂಪ್ಯೂಟರು ಹೊಂದಿಸಿ ನೋಡಿ ಹೇಳಿದ್ದೇ ಪ್ರಮಾಣವಾಯಿತು. ಅವನ್ನು ಸ್ಥಳಕ್ಕೆ ಹೋಗಿ ಪರಿಶೀಲಿಸಿ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಅದೇ ವರ್ಷ ಹರಿಯಾಣದ ರೋಹ್ತಕ್‌ನಲ್ಲಿ, ದಾಖಲೆಯಲ್ಲಿ ಸತ್ತಿದ್ದಾರೆಂದು ಪಿಂಚಣಿ ನಿಲ್ಲಿಸಿದ 102 ವರ್ಷದ ಅಜ್ಜ ಮದುಮಗನಂತೆ ರಥದಲ್ಲಿ ಕೂತು, ಬಾಜಾಬಜಂತ್ರಿಯೊಂದಿಗೆ ಮೆರವಣಿಗೆ ಹೋಗಿ ಬದುಕಿದ್ದೇನೆ ಎಂದು ತೋರಿಸಬೇಕಾಯಿತು. ಜನ ನಕ್ಕರು. ನನಗೆ ನಗು ಬರಲಿಲ್ಲ, ಮೈ ಉರಿಯಿತು. ನೂರು ದಾಟಿದ ಜೀವವನ್ನು ಬೀದಿಗೆ ತಂದು ಹೀಗೆ ನಿಲ್ಲಿಸಿದವರು ಒಂದು ಗಳಿಗೆಯಾದರೂ ತಲೆ ತಗ್ಗಿಸಬೇಕಿತ್ತು.

2024ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಆದದ್ದೂ ಇದೇ ಜಾತಿಯದು. ಹೇಳದೆ ಕೇಳದೆ ಬಿಪಿಎಲ್ ಕಾರ್ಡುಗಳು ರದ್ದಾದವು, ಎಪಿಎಲ್ ಆದವು. ಅಕ್ಕಿಗೆ ಹೋದವರಿಗೆ ಅಂಗಡಿಯಲ್ಲೇ ಗೊತ್ತಾಯಿತು. ಕೂಗೆದ್ದ ಮೇಲೆ ಸರ್ಕಾರಿ ನೌಕರರು, ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ವಾಪಸ್ ಕೊಡುತ್ತೇವೆ ಎಂದರು. ವಾಪಸ್ ಕೊಡಬೇಕಾಗಿ ಬಂದದ್ದೇ, ನೋಡದೆ ಕಿತ್ತುಕೊಂಡಿದ್ದರು ಎಂಬುದಕ್ಕೆ ಸಾಕ್ಷಿ. ಅನ್ನಭಾಗ್ಯದ ಹೆಸರು ಹೇಳಿ ಓಟು ಕೇಳಿದ ಪಕ್ಷದ ಸರ್ಕಾರವದು. ಜಾರ್ಖಂಡಿನಲ್ಲಿ ಆಗ ಬಿಜೆಪಿ, ತೆಲಂಗಾಣದಲ್ಲಿ ಆಗ ಟಿಆರ್‌ಎಸ್, ಇಲ್ಲಿ ಕಾಂಗ್ರೆಸ್. ಬಾವುಟದ ಬಣ್ಣ ಬೇರೆ, ಬಡವರ ಹೆಸರು ಅಳಿಸುವಾಗ ಕೈ ಒಂದೇ.

ಸಿಮ್ಡೇಗಾದ ಆ ತಾಯಿ ಸುಪ್ರೀಂ ಕೋರ್ಟಿಗೆ ಹೋದಳು. ದೇಶದಲ್ಲಿ ಮೂರು ಕೋಟಿ ಕಾರ್ಡು ರದ್ದಾಗಿವೆ ಎಂದು ಅವಳ ಅರ್ಜಿ ಹೇಳುತ್ತದೆ. ವಿಷಯ ಗಂಭೀರವಾದದ್ದು ಎಂದು ಕೋರ್ಟು 2021ರ ಮಾರ್ಚಿನಲ್ಲಿ ಹೇಳಿದಾಗ ಮಗಳು ಸತ್ತು ಮೂರೂವರೆ ವರ್ಷವಾಗಿತ್ತು.

ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಮನುಷ್ಯ ನೋಡದೆ ಮನುಷ್ಯನನ್ನು ಅಳಿಸಬೇಡಿ. ಒಂದು ಹೆಸರು ತೆಗೆಯಬೇಕಾದರೆ ಮೊದಲು ಕನ್ನಡದಲ್ಲಿ ಬರೆದ ನೋಟಿಸು ಆ ಮನೆಗೆ ಬರಲಿ. ಒಬ್ಬ ಅಧಿಕಾರಿ ಬಂದು ಕೂತು ಮಾತಾಡಲಿ, ಆದೇಶದ ಕೆಳಗೆ ತನ್ನ ಹೆಸರು ಬರೆದು ಸಹಿ ಹಾಕಲಿ. ಪಟ್ಟಿ ಪಂಚಾಯಿತಿ ಗೋಡೆಗೆ ಅಂಟಲಿ. ಕೊಡಬೇಕಾದ ಧಾನ್ಯ ಕೊಡದಿದ್ದರೆ ಬದಲಿಗೆ ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು 2013ರ ಕಾಯ್ದೆಯ 8ನೇ ಕಲಂ ಹೇಳುತ್ತದೆ. ತಪ್ಪಾಗಿ ಕಾರ್ಡು ಕಳೆದುಕೊಂಡ ಒಂದೊಂದು ಮನೆಗೂ, ಒಂದೊಂದು ತಿಂಗಳಿಗೂ ಆ ಭತ್ಯೆಯನ್ನು ಲೆಕ್ಕ ಹಾಕಿ ಬಾಕಿ ಸಮೇತ ಕೊಡಿ. ಆ ಹಣವನ್ನು, ನೋಡದೆ ಅಳಿಸಲು ಆದೇಶ ಕೊಟ್ಟವರ ಸಂಬಳದಲ್ಲಿ ಮುರಿದುಕೊಳ್ಳಿ.