ಅಡಿಕೆ ತೋಟದ ಮನೆಯಂಗಳಕ್ಕೆ ಪರದೇಶದ ಹೂಗಿಡ



‘ಹೂವಿನ ಗಿಡದಿಂದ ಹೊಟ್ಟೆ ತುಂಬುತ್ತದೆಯೇ?’ ಎಂದು ಕೇಳುವ ಯಜಮಾನರು ನಮ್ಮ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಇಂದಿಗೂ ಇದ್ದಾರೆ. ಅದೇ ಮನೆಯ ಹೆಣ್ಣುಮಕ್ಕಳು ನೆಂಟರ ಮನೆಗೆ ಹೋದರೆ ಬರುವಾಗ ಸೆರಗಿನಲ್ಲೋ ಚೀಲದಲ್ಲೋ ಒಂದು ಗೆಡ್ಡೆ, ಒಂದು ಕಡ್ಡಿ ತಾರದೆ ಇರುವುದಿಲ್ಲ. ಈ ವಿಷಯದಲ್ಲಿ ನಾನು ಹೆಣ್ಣುಮಕ್ಕಳ ಪಕ್ಷ. ದುಡಿದು ಬಂದವರ ಕಣ್ಣಿಗೆ ತಂಪಾಗುವ ಒಂದು ಮೂಲೆ ಮನೆಯ ಮುಂದೆ ಇರುವುದು ವ್ಯರ್ಥವಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ಅಂಗಳಕ್ಕೆ ಬರುತ್ತಿರುವುದು ದಾಸವಾಳ, ಸೇವಂತಿಗೆಗಳಷ್ಟೇ ಅಲ್ಲ. ದೂರದ ಉಷ್ಣವಲಯದ ವಿಚಿತ್ರ ಹೂಗಿಡಗಳು. ಇವುಗಳ ವಿಚಾರದಲ್ಲಿ ತಾವು ಸ್ವಲ್ಪ ಎಚ್ಚರದಿಂದ ಇರಬೇಕೆಂಬುದು ನನ್ನ ಅಭಿಪ್ರಾಯ.

ಪರದೇಶದ್ದು ಎಂಬ ಒಂದೇ ಕಾರಣಕ್ಕೆ ಯಾವ ಗಿಡವನ್ನೂ ದೂರ ಮಾಡಬೇಕಾಗಿಲ್ಲ. ನಾವು ದೇವರಿಗೆ ಏರಿಸುವ ಚೆಂಡುಹೂವು ಮತ್ತು ಸುಗಂಧರಾಜ ಮೆಕ್ಸಿಕೋ ಕಡೆಯಿಂದ ಬಂದವು. ಕಾಗದದ ಹೂವಿನ ಮೂಲ ದಕ್ಷಿಣ ಅಮೆರಿಕ. ಶಿವಾಲಯದ ಮುಂದೆ ನಿಂತಿರುವ ನಾಗಲಿಂಗ ಪುಷ್ಪದ ಮರವೂ ಅದೇ ಖಂಡದ್ದು. ನೂರಾರು ವರ್ಷ ಬಾಳಿ ಇವೆಲ್ಲ ನಮ್ಮವೇ ಆಗಿವೆ. ಇನ್ನೊಂದು ಕಡೆ, ಥನ್‌ಬರ್ಜಿಯಾ ಮೈಸೂರೆನ್ಸಿಸ್ ಎಂಬ ಬಳ್ಳಿಯನ್ನು ಯೂರೋಪಿನವರು ಗಾಜಿನ ಮನೆಯಲ್ಲಿಟ್ಟು ಸಾಕುತ್ತಾರೆ. ಹಳದಿ ಹಾಗೂ ಕಂದುಗೆಂಪು ಹೂಗಳ ಮಾಲೆ ಚಪ್ಪರದಿಂದ ಎರಡು ಮೂರು ಅಡಿ ಜೋತು ಬೀಳುತ್ತದೆ. ಸೂರಕ್ಕಿಗಳು ಅದನ್ನು ಬಿಟ್ಟು ಹೋಗುವುದಿಲ್ಲ. ಹೆಸರಿನಲ್ಲೇ ಮೈಸೂರು ಇರುವ ಈ ಬಳ್ಳಿ ನಮ್ಮ ಪಶ್ಚಿಮ ಘಟ್ಟದ್ದು. ಬಲಿತ ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ. ಅಪರೂಪದ ಗಿಡ ಬೇಕೆನ್ನುವವರು ಇದರಿಂದಲೇ ಪ್ರಾರಂಭಿಸಬಾರದೇಕೆ? ಮಾರುವವನು ವಿದೇಶಿ ಹೆಸರು ಹೇಳಿದರೆ ಮಾತ್ರ ನಮಗೆ ಗಿಡದ ಮೇಲೆ ಗೌರವ!

ಹೊರಗಿನವುಗಳಲ್ಲಿ ನಮ್ಮ ಹವೆಗೆ ಚೆನ್ನಾಗಿ ಒಗ್ಗುವಂಥದು ಹೆಲಿಕೋನಿಯಾ. ಅಮೆರಿಕದ ಉಷ್ಣವಲಯದ ಗಿಡ. ಎಲೆ, ಕಂದು, ಬೆಳೆಯುವ ಬಗೆ ಎಲ್ಲವೂ ಬಾಳೆಯ ಹಾಗೆ. ನಾವು ಹೂವೆಂದು ಮೆಚ್ಚುವ ಕೆಂಪು, ಹಳದಿ ದೋಣಿಗಳು ನಿಜವಾಗಿ ಹೂವಲ್ಲ, ಬಣ್ಣ ತಳೆದ ಪತ್ರಗಳು. ಸಣ್ಣ ಹೂಗಳು ಅವುಗಳ ಒಳಗೆ ಅಡಗಿರುತ್ತವೆ. ರೋಸ್ಟ್ರಾಟ ಎಂಬುದು ಆಳೆತ್ತರಕ್ಕೂ ಮೀರಿ ಬೆಳೆದು ಜೋತಾಡುವ ಗೊಂಚಲು ಬಿಡುತ್ತದೆ. ಸಿಟಕೋರಮ್ ಎಂಬುದು ಮೂರು ನಾಲ್ಕು ಅಡಿಯ ಕುಳ್ಳ ಜಾತಿ, ವರ್ಷದ ಬಹುಕಾಲ ಹೂವಿರುತ್ತದೆ. ಮಳೆಗಾಲದ ಪ್ರಾರಂಭದಲ್ಲಿ ಎರಡು ಮೂರು ಕಣ್ಣುಳ್ಳ ಗೆಡ್ಡೆಯ ತುಂಡನ್ನು ಕೊಟ್ಟಿಗೆ ಗೊಬ್ಬರ ಬೆರೆಸಿದ ಗುಂಡಿಯಲ್ಲಿ ನೆಡಬೇಕು. ಗಿಡದಿಂದ ಗಿಡಕ್ಕೆ ಮೂರು ಅಡಿಯಾದರೂ ಇರಲಿ. ಅರೆನೆರಳು, ಬುಡಕ್ಕೆ ದರಗಿನ ಹೊದಿಕೆ, ಬೇಸಿಗೆಯಲ್ಲಿ ನೀರು ಇಷ್ಟಿದ್ದರೆ ಸಾಕು. ಬಾಳೆಯಂತೆ ಒಮ್ಮೆ ಹೂ ಬಿಟ್ಟ ದಂಟು ಮತ್ತೆ ಬಿಡದು. ಅದನ್ನು ನೆಲಮಟ್ಟಕ್ಕೆ ಕಡಿದರೆ ಕಂದುಗಳಿಗೆ ಬೆಳಕು ಗಾಳಿ ಸಿಗುತ್ತದೆ. ಕುಳ್ಳ ಜಾತಿ ಬಹಳ ಬೇಗ ಹರಡುವುದರಿಂದ ವರ್ಷಕ್ಕೊಮ್ಮೆ ಅಂಚಿನ ಕಂದು ಕಿತ್ತು ನೆರೆಯವರಿಗೆ ಹಂಚುವುದು ಒಳ್ಳೆಯದು.

ಇನ್ನೊಂದು, ಟಾರ್ಚ್ ಜಿಂಜರ್. ದೀವಟಿಗೆ ಶುಂಠಿ ಎಂದರೆ ತಪ್ಪಾಗದು. ಎಲೆಯ ದಂಟು ಹನ್ನೆರಡು ಹದಿನೈದು ಅಡಿ ಏರುತ್ತದೆ. ಹೂವು ಮಾತ್ರ ಪ್ರತ್ಯೇಕವಾದ ಬೋಳು ದಂಟಿನ ಮೇಲೆ ನೆಲದಿಂದಲೇ ಎದ್ದು ಬರುತ್ತದೆ. ಇಂಡೋನೇಷ್ಯಾ, ಮಲೇಷ್ಯಾಗಳ ಗಿಡವಾದ ಇದರ ಮೊಗ್ಗನ್ನು ಅಲ್ಲಿನವರು ಹೆಚ್ಚಿ ಅಡುಗೆಗೂ ಬಳಸುತ್ತಾರೆ. ಜಾಗ ವಿಶಾಲವಾಗಿರಬೇಕು. ಬಚ್ಚಲ ನೀರು ಹರಿದು ಹೋಗುವ ಕಡೆ ಚೆನ್ನಾಗಿ ಬರುತ್ತದೆ, ನೀರು ನಿಲ್ಲುವ ಕಡೆ ಬೇಡ.

ಈಗ ಮುಖ್ಯ ಮಾತಿಗೆ ಬರೋಣ. ಈ ಗಿಡಗಳು ನಮ್ಮ ಬೆಳೆಗಳ ಬಂಧುಗಳು. ಹೆಲಿಕೋನಿಯಾ ಬಾಳೆಗೆ ಹತ್ತಿರ. ದೀವಟಿಗೆ ಶುಂಠಿಯು ಶುಂಠಿ, ಏಲಕ್ಕಿಗಳ ಕುಟುಂಬಕ್ಕೆ ಸೇರಿದ್ದು. ಬಂಧುಗಳ ರೋಗ ಬಂಧುಗಳಿಗೆ ಬೇಗ ತಗಲುತ್ತದೆ. ಬೇರು ಕೊರೆಯುವ ಜಂತುಹುಳು ಎಂಬುದೊಂದಿದೆ, ಬರಿಗಣ್ಣಿಗೆ ಕಾಣದು. ಬಾಳೆ, ಅಡಿಕೆ, ಕಾಳುಮೆಣಸು, ಶುಂಠಿಯ ಬೇರುಗಳಲ್ಲಿ ಇದು ಬದುಕುತ್ತದೆ. ಆಂಥೂರಿಯಂ, ಹೆಲಿಕೋನಿಯಾಗಳಲ್ಲಿಯೂ ಬದುಕುತ್ತದೆ. ಮೆಣಸಿನ ಬಳ್ಳಿ ವರ್ಷದಿಂದ ವರ್ಷಕ್ಕೆ ಹಳದಿಯಾಗಿ, ಎಲೆ ಉದುರಿಸಿ, ಕೊನೆಗೆ ಒಣಗುವ ನಿಧಾನ ಸೊರಗು ರೋಗಕ್ಕೆ ಇದೂ ಒಂದು ಕಾರಣ. ಇಂಡೋನೇಷ್ಯಾದ ಬಂಕಾ ದ್ವೀಪದಲ್ಲಿ 1930ರ ನಂತರದ ಸುಮಾರು ಇಪ್ಪತ್ತು ವರ್ಷಗಳಲ್ಲಿ ಲಕ್ಷಾಂತರ ಮೆಣಸಿನ ಬಳ್ಳಿಗಳು ಹೀಗೆಯೇ ಹಳದಿಯಾಗಿ ಸತ್ತುಹೋದವು. ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಬಾಳೆಯನ್ನು ಕೊಲ್ಲುವ ಮೋಕೋ ಎಂಬ ಸೊರಗು ರೋಗದ ದುಂಡಾಣುವಿಗೂ ಹೆಲಿಕೋನಿಯಾ ಆಶ್ರಯ ಕೊಡುತ್ತದೆ. ಇವೆಲ್ಲವೂ ನೆಲದೊಳಗಿನ ಕಂಟಕಗಳು. ಒಮ್ಮೆ ತೋಟಕ್ಕೆ ಕಾಲಿಟ್ಟರೆ ಹೊರಹಾಕುವುದು ಬಹು ಕಷ್ಟ.

ಇದಕ್ಕಾಗಿ ಹೂಗಿಡವನ್ನೇ ಬಿಡಬೇಕೆಂದು ನಾನು ಹೇಳುವುದಿಲ್ಲ. ಮಣ್ಣು ಸಮೇತ ತರಬೇಡಿ, ಅಷ್ಟೆ. ಗೆಡ್ಡೆಯನ್ನಷ್ಟೇ ತನ್ನಿ. ಹಳೆಯ ಬೇರುಗಳನ್ನು ಪೂರ್ತಿ ಸವರಿ, ಕಪ್ಪಾದ ಕೊಳೆತ ಭಾಗವನ್ನು ಕತ್ತರಿಸಿ, ಚೆನ್ನಾಗಿ ತೊಳೆಯಿರಿ. ಕತ್ತರಿಸಿದ ಚೂರುಗಳನ್ನು ತಿಪ್ಪೆಗೆ ಎಸೆಯದೆ ಸುಟ್ಟುಹಾಕಿ. ತೊಳೆದ ನೀರು ತೋಟದ ಕಡೆಗೆ ಹರಿಯದಿರಲಿ. ಬಳಿಕ ಕೆಲವು ತಿಂಗಳು ಕುಂಡದಲ್ಲಿ ಬೇರೆಯಾಗಿಟ್ಟು ನೋಡಿ. ಎಲೆ ಹಳದಿಯಾಗದೆ ಹೊಸ ಬೇರು ಬಿಳಿಯಾಗಿ ಬಂದರೆ ಅಂಗಳದಲ್ಲಿ ನೆಡಬಹುದು. ಅಡಿಕೆ ಸಾಲಿನ ನಡುವೆ ನೆರಳಿದೆಯೆಂದು ಅಲ್ಲಿಯೇ ನೆಡುವವರಿದ್ದಾರೆ. ಮೆಣಸು ಹಬ್ಬಿಸಿದ ತೋಟದಲ್ಲಿ ಇದು ಖಂಡಿತ ಕೂಡದು. ತೊಳೆದ ಗೆಡ್ಡೆಯೊಳಗೂ ಹುಳು ಉಳಿದಿರಬಹುದು ಎಂಬುದನ್ನು ಮರೆಯಬೇಡಿ.

ಎರಡನೆಯ ಅಪಾಯ ಬೇಲಿ ದಾಟುವ ಗಿಡಗಳದ್ದು. ಲಂಟಾನವನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದದ್ದು ಅಂದದ ಹೂವಿಗಾಗಿ. ಇಂದು ಬಂಡೀಪುರದ ಕಾಡಿನಲ್ಲಿ ಹುಲ್ಲು ಬೆಳೆಯಲು ಅದು ಬಿಡುತ್ತಿಲ್ಲ; ಅದನ್ನು ಮೇಯ್ದ ದನಗಳ ಯಕೃತ್ತು ಕೆಡುತ್ತದೆ. ಕೆರೆಗಳನ್ನು ಮುಚ್ಚಿರುವ ನೇರಳೆ ಹೂವಿನ ಜಲಕಳೆಯೂ ದಕ್ಷಿಣ ಅಮೆರಿಕದಿಂದ ಹೂವಿನ ಆಸೆಗೇ ಬಂದದ್ದು. ಈಗ ಹಳದಿ ಹೂವಿನ, ನೆಲಕ್ಕೆ ಹಾಸಿನಂತೆ ಹಬ್ಬುವ ವೆಡೇಲಿಯಾವನ್ನು ಅಂಗಳದ ಅಂಚಿಗೆ ನೆಡುವವರು ರಸ್ತೆಬದಿಯ ಚರಂಡಿಗಳನ್ನು ಒಮ್ಮೆ ನೋಡಬೇಕು. ಪ್ರತಿ ಗಿಣ್ಣಿನಲ್ಲಿಯೂ ಬೇರು ಬಿಡುವ ಅದು ಅಲ್ಲೆಲ್ಲ ತಾನೇ ತಾನಾಗಿದೆ. ಹಕ್ಕಿ ತಿಂದು ಹರಡುವ ಹಣ್ಣು, ಮುರಿದಲ್ಲೆಲ್ಲ ಚಿಗುರುವ ಬಳ್ಳಿ, ಈ ಎರಡು ಗುಣವಿರುವ ಹೊಸ ಗಿಡಕ್ಕೆ ಗೇಟಿನ ಹೊರಗೇ ನಮಸ್ಕಾರ ಹೇಳುವುದು ಲೇಸು.

ಇನ್ನು ಹಣದ ಮಾತು. ‘ಒಂದು ಕಡ್ಡಿ ನೂರಾರು ರೂಪಾಯಿ ಬಾಳುತ್ತದೆ, ಬೆಳೆದರೆ ನಾವೇ ಕೊಳ್ಳುತ್ತೇವೆ’ ಎಂದು ಸಸಿ ಮಾರುವವರು ಬಂದಾಗ ವೆನಿಲಾವನ್ನು ನೆನಪಿಸಿಕೊಳ್ಳಿ. ಅದೂ ಒಂದು ಆರ್ಕಿಡ್ ಜಾತಿಯ ಬಳ್ಳಿಯೇ. 2003ರ ಸುಮಾರಿಗೆ ಅದರ ಬೆಲೆ ಆಕಾಶಕ್ಕೇರಿತ್ತು, ಮುಂದಿನ ಎರಡು ವರ್ಷಗಳಲ್ಲಿ ನೆಲ ಕಚ್ಚಿತು. ಅಷ್ಟರಲ್ಲಿ ಕಡ್ಡಿ ಮಾರಿದವರು ಗೆದ್ದಿದ್ದರು, ಕಾಯಿ ಬೆಳೆದವರು ಸೋತಿದ್ದರು. ಹೆಲಿಕೋನಿಯಾ ಕೊಯ್ದ ಮೇಲೆ ವಾರಕ್ಕೂ ಹೆಚ್ಚು ಕಾಲ ಬಾಡದೆ ಇರುತ್ತದೆ, ನಿಜ. ಆದರೆ ಉದ್ದನೆಯ, ಭಾರವಾದ ದಂಟು. ಕೊಳ್ಳುವವರು ದೊಡ್ಡ ಪಟ್ಟಣಗಳ ಹೋಟೆಲು ಮತ್ತು ಮಂಟಪದವರು. ಪೇಟೆ ಖಚಿತವಾಗುವ ಮೊದಲು ಗದ್ದೆ ಬಿಟ್ಟುಕೊಡಬೇಡಿ. ಅಂಗಳದ ಗಿಡಕ್ಕೆ ದುಡ್ಡು ಕೊಡುವುದೇ ಬೇಕಾಗಿಲ್ಲ, ಇದ್ದವರ ಮನೆಯಿಂದ ಒಂದು ಗೆಡ್ಡೆ ಕೇಳಿದರಾಯಿತು.

ಕಾಡಿನ ಸೀತಾಳೆ ದಂಡೆಯನ್ನು ಮರದಿಂದ ಕಿತ್ತು ತಂದು ಜಗಲಿಗೆ ಕಟ್ಟುವ ಅಭ್ಯಾಸ ಮಾತ್ರ ನಿಲ್ಲಬೇಕು. ಗಾಳಿಮಳೆಗೆ ಮುರಿದು ನಮ್ಮದೇ ತೋಟದಲ್ಲಿ ಬಿದ್ದ ಕೊಂಬೆಯಲ್ಲಿದ್ದರೆ ಅದನ್ನು ತಂದು ಹಲಸಿನ ಮರಕ್ಕೆ ಕಟ್ಟಿ ಬದುಕಿಸಿದರೆ ಸಂತೋಷವೇ. ಮೀಸಲು ಅರಣ್ಯದಿಂದ ತರುವುದು ಕಾನೂನಿಗೂ ವಿರುದ್ಧ.

ಇನ್ನು ಮನೆಯಲ್ಲಿ ಎಳೆಯ ಮಕ್ಕಳು, ಬಿಟ್ಟು ಮೇಯಿಸುವ ಕರುಗಳು ಇದ್ದರೆ ಕಣಗಿಲೆಯನ್ನೂ ಗೌರಿಹೂವಿನ ಗೆಡ್ಡೆಯನ್ನೂ ಅವುಗಳಿಗೆ ಎಟುಕದಂತೆ ಇಡಿ. ಎರಡೂ ಪ್ರಾಣಕ್ಕೆ ಎರವಾಗುವಷ್ಟು ವಿಷ. ನೆಟ್ಟಗೆ ನಿಲ್ಲುವ ಹೆಲಿಕೋನಿಯಾದ ದೋಣಿಗಳಲ್ಲಿ ಮಳೆನೀರು ನಿಂತು ಸೊಳ್ಳೆಮರಿಗಳಾಗುವುದುಂಟು. ಕಿಟಕಿಯ ಹತ್ತಿರಕ್ಕೆ ಜೋತು ಬೀಳುವ ರೋಸ್ಟ್ರಾಟವನ್ನೇ ಆರಿಸಿ, ಅದರಲ್ಲಿ ನೀರು ನಿಲ್ಲುವುದಿಲ್ಲ.